ದಸ್ತಗೀರ ಡಾಕ್ಟರು ಕೊಟ್ಟ ಮಾತು

ದಸ್ತಗೀರ ಡಾಕ್ಟರು ನೆಲಕ್ಕೆ ಕುಳಿತರೆಂದರೆ ಎಬ್ಬಿಸುವುದು ಒಂದು ದೊಡ್ಡ ಕೆಲಸ. ಎತ್ತರದ ಆಳು, ಮೈಯೂ ಅಷ್ಟೇ ಭಾರ, ಬಲ ಮೊಣಕಾಲು ಯಾವಾಗಲೋ ಕುದುರೆಯಿಂದ ಬಿದ್ದು ಕೆಟ್ಟದ್ದು. ಒಂದು ಕೈ ಗೋಡೆಗೆ, ಇನ್ನೊಂದು ಕೈ ನನ್ನ ಹೆಗಲಿಗೆ ಕೊಟ್ಟು, "ಯಾ ಅಲ್ಲಾ" ಎಂದು ಉಸಿರುಬಿಡುತ್ತ ಏಳುವಾಗ ಅವರ ಕೆಂಪು ಟೋಪಿ ಕಿವಿಯ ಮೇಲೆ ಜಾರಿರುತ್ತಿತ್ತು. ಆದರೂ ತಲೆ ಕೆಟ್ಟಿದೆ ಎಂದು ಯಾರನ್ನಾದರೂ ಕರೆತಂದರೆ ಅವರು ಕುರ್ಚಿಯ ಮೇಲೆ ಕುಳಿತು ನೋಡಿದ್ದನ್ನು ನಾನು ಕಾಣೆ. ರೋಗಿ ಎಲ್ಲಿ ಕುಳಿತಿದ್ದಾನೋ ಅಲ್ಲಿಯೇ ಇವರೂ ಕುಳಿತುಕೊಳ್ಳಬೇಕು. "ಮ್ಯಾಲಿಂದ ನೋಡಿದ್ರ ಎಲ್ಲಾರೂ ಹುಚ್ಚರ ಹಂಗ ಕಾಣ್ತಾರ ರಾಚಪ್ಪ" ಎಂದು ನನಗೆ ಹೇಳುತ್ತಿದ್ದರು.

ಹುನಗುಂದದ ಸರಕಾರಿ ದವಾಖಾನೆಯಲ್ಲಿ ನಾನು ಅವರ ಕಂಪೌಂಡರ್ ಆಗಿದ್ದೆ. ಅವರು ಗಾಯ ಕಟ್ಟುತ್ತಿದ್ದರು, ಜ್ವರಕ್ಕೆ ಕ್ವಿನೈನ್ ಕೊಡುತ್ತಿದ್ದರು, ಪ್ಲೇಗು ಬಂದ ವರ್ಷಗಳಲ್ಲಿ ಊರ ಹೊರಗಿನ ಜೋಪಡಿಗಳನ್ನು ತಿರುಗುತ್ತಿದ್ದರು. ಆದರೆ ಜನ ಅವರನ್ನು ನೆನೆಯುತ್ತಿದ್ದದ್ದು ಬೇರೆ ಕಾರಣಕ್ಕೆ. ಹುಚ್ಚು ಹಿಡಿದವರನ್ನು ದೂರದ ಹುಚ್ಚರ ಆಸ್ಪತ್ರೆಗೆ ಕಳಿಸಬೇಕಾದರೆ ಆಗಿನ ಕಾಯಿದೆಯಂತೆ ಡಾಕ್ಟರು ಬರೆದುಕೊಡಬೇಕು, ಅದನ್ನು ನೋಡಿ ತಾಲೂಕಿನ ಅಧಿಕಾರಿ ಮಾಮಲೇದಾರರು ಹುಕುಂ ಮಾಡಬೇಕು. ಬೇರೆ ಊರುಗಳಲ್ಲಿ ಇದು ಒಂದು ಮುಂಜಾನೆಯ ಕೆಲಸ. ನಮ್ಮ ಡಾಕ್ಟರು ಮಾತ್ರ ಮೊದಲು ಸಂಬಂಧಿಕರನ್ನೆಲ್ಲ ಹೊರಗೆ ಹಾಕುತ್ತಿದ್ದರು. ಔಷಧದ ಕೋಣೆಯ ಹಿಂದೆ ಒಂದು ಸಣ್ಣ ಕೋಣೆಯಿತ್ತು. ಅಲ್ಲಿ ಚಾಪೆ ಹಾಸಿ, ಬಾಗಿಲು ಮುಚ್ಚಿ, "ಇಲ್ಲಿ ಹೇಳಿದ ಮಾತು ಇಲ್ಲೇ ಉಳೀತೈತಿ. ಇದು ನನ್ನ ಜಬಾನ್, ನಾ ಕೊಟ್ಟ ಮಾತು" ಎಂದು ಹೇಳಿ ಮಾತು ಶುರುಮಾಡುತ್ತಿದ್ದರು.

ಒಮ್ಮೆ ಬಾದಾಮಿ ಕಡೆಯ ಕುರುಬರ ಮನೆಯವರು ತಮ್ಮನೊಬ್ಬನನ್ನು ಕೈಕಟ್ಟಿ ಚಕ್ಕಡಿಯಲ್ಲಿ ತಂದರು. ಅವನು ಮಾತು ಬಿಟ್ಟು ಬಹಳ ದಿನವಾಗಿತ್ತು. ಬೀರಪ್ಪನ ಗುಡಿಗೆ ಕರೆದೊಯ್ದು ಭಂಡಾರ ಹಚ್ಚಿಸಿದ್ದರು, ಬರೆ ಹಾಕಿಸಿದ್ದರು, ಏನೂ ನಡೆದಿರಲಿಲ್ಲ. ಡಾಕ್ಟರು ಅವನ ಕೈ ಬಿಚ್ಚಿಸಿ ಒಳಗೆ ಕರೆದುಕೊಂಡು ಹೋದರು. ಬಿಸಿಲು ನೆತ್ತಿಗೆ ಬಂದರೂ ಒಳಗೆ ಸದ್ದಿಲ್ಲ. ಆಮೇಲೆ ಮೆಲ್ಲಗೆ ಎರಡು ದನಿ ಕೇಳತೊಡಗಿದವು. ಅಣ್ಣ ಗಾಬರಿಯಾಗಿ ಎದ್ದು ನಿಂತ. ಡಾಕ್ಟರು ನನ್ನ ಹೆಗಲು ಹಿಡಿದು ಹೊರಗೆ ಬಂದವರೇ, "ಇವಗ ಏನೂ ಆಗಿಲ್ಲ. ನನ್ನ ಕೂಡ ಚಲೋತ್ನಂಗ ಮಾತಾಡಿದ. ನಿಮ್ಮ ಕೂಡ ಅಷ್ಟ ಮಾತು ಬಿಟ್ಟಾನ" ಎಂದರು.

"ಏನಂದ್ರಿ ಸಾಹೇಬ್ರ ಅಂವ?"

"ಅದು ಅವನ ಮಾತು. ಬೇಕಾದ್ರ ಅವನ್ನ ಕೇಳು. ಹಗ್ಗ ಇಲ್ಲದ ಕೇಳು."

ಅದೇ ಸಂಜೆ ಆ ತಮ್ಮ ಚಕ್ಕಡಿಯ ಮುಂದೆ ಕುಳಿತು ತಾನೇ ಎತ್ತು ಹೊಡೆದುಕೊಂಡು ಹೋದ. ಈ ಸುದ್ದಿ ಸುತ್ತಲೂ ಹರಡಿತು. ಆಮೇಲೆ ಯಾರೂ ಕಟ್ಟಿ ತರದಿದ್ದರೂ ಜನ ತಾವಾಗಿಯೇ ಆ ಕೋಣೆಗೆ ಬರತೊಡಗಿದರು. ಹಾಗೆ ಬಂದವನು ಇಳಕಲ್ಲಿನ ಈರಪ್ಪ.

ಈರಪ್ಪ ಸೀರೆ ನೇಯುವವನು. ಇಳಕಲ್ಲಿನಿಂದ ನಡೆದುಕೊಂಡೇ ಬಂದಿದ್ದ. ತೆಳ್ಳಗಿನ ಮೈ, ಬಣ್ಣ ಹತ್ತಿದ ಉಗುರು, ಮಾತಾಡುವಾಗ ಬಾಗಿಲ ಕಡೆ ನೋಡುವ ಚಟ. ಸಂತೆಯ ದಿನ ಬರುತ್ತಿದ್ದ, ಡಾಕ್ಟರೊಡನೆ ಒಳಗೆ ಕುಳಿತಿರುತ್ತಿದ್ದ, ನಾನು ಕೊಟ್ಟ ನಿದ್ದೆಯ ಔಷಧದ ಬಾಟಲಿಯನ್ನು ಧೋತರದ ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದ. ಒಳಗೆ ಏನು ನಡೆಯುತ್ತಿತ್ತೆಂದು ಆಗ ನನಗೆ ತಿಳಿದಿರಲಿಲ್ಲ. ಮುಚ್ಚಿಡುವಂಥದೇನೂ ಉಳಿಯದೆ ಹೋದಮೇಲೆ ಡಾಕ್ಟರು ತಾವೇ ಹೇಳಿದರು.

ಈರಪ್ಪನಿಗೆ ಮಗ್ಗ ಮಾತಾಡುತ್ತಿತ್ತು. ಲಾಳಿ ಆ ಕಡೆ ಹೋಗುವಾಗ ಅರ್ಧ ಮಾತು, ಈ ಕಡೆ ಬರುವಾಗ ಇನ್ನರ್ಧ. ಮೊದಮೊದಲು ಹೆಸರು ಹಿಡಿದು ಕರೆಯುತ್ತಿತ್ತು. ಮಗಳು ಹುಟ್ಟಿದ ಮೇಲೆ, ಕೂಸನ್ನು ಮಗ್ಗದ ಕುಣಿಯಲ್ಲಿ ಹಾಕಿ ಮುಚ್ಚು ಎಂದು ಹೇಳತೊಡಗಿತ್ತು. ಕುಣಿ ಎಂದರೆ ನೇಕಾರ ಕಾಲು ಇಳಿಬಿಟ್ಟು ಕೂಡುವ ತಗ್ಗು. ದಿನವಿಡೀ ಅವನು ಆ ತಗ್ಗಿನಲ್ಲೇ ಕಾಲಿಟ್ಟು ಕುಳಿತಿರಬೇಕು, ತಲೆಯ ಹತ್ತಿರವೇ ತೊಟ್ಟಿಲು. "ನನ್ನ ಹೇಣತಿಗೆ ಹೇಳಬ್ಯಾಡ್ರಿ ಸಾಹೇಬ್ರ. ಅಕಿ ಕೂಸು ತಗೊಂಡು ತವರಿಗೆ ಹೋಗಿಬಿಡ್ತಾಳ. ಅವರಿಬ್ರೂ ಇಲ್ಲಂದ್ರ ನಾ ಪೂರಾ ಅದರ ಕೈಯಾಗ ಸಿಗ್ತೇನಿ" ಎಂದಿದ್ದನಂತೆ. ಡಾಕ್ಟರು ಮಾತು ಕೊಟ್ಟಿದ್ದರು.

ಕೆಲವು ವಾರ ಅವನ ಮುಖ ತಿಳಿಯಾಗಿತ್ತು. ಒಂದು ಸಲ ನಕ್ಕದ್ದೂ ಉಂಟು. ಆಮೇಲೆ ಒಂದು ಸಂತೆಗೆ ಬಂದವನು ಬೇಗನೆ ಎದ್ದು ಹೋದ. ಡಾಕ್ಟರು ಚಾಪೆಯ ಮೇಲೆ ಹಾಗೇ ಕುಳಿತಿದ್ದರು. ನಾನು ಎಬ್ಬಿಸಲು ಹೋದರೆ ಕೈ ಕೊಡಲಿಲ್ಲ. ಆ ದಿನ ಈರಪ್ಪ ಅಂದದ್ದು ಇಷ್ಟೇ: "ಇಷ್ಟ ದಿನಾ ಬರೇ ಕೇಳ್ತಿದ್ನಿರಿ. ಈಗ ಅದಕ್ಕ ಉತ್ತರ ಕೊಡಾಕತ್ತೇನಿ."

ಮರುದಿನ ಡಾಕ್ಟರು ಮಾಮಲೇದಾರರ ಕಚೇರಿಗೆ ಹೊರಟರು. ನಾನೂ ಜೊತೆಗಿದ್ದೆ. ಯಾರ ಹೆಸರೂ ಹೇಳದೆ, ಹೀಗೊಬ್ಬ ಮನುಷ್ಯನಿದ್ದರೆ ಏನು ಮಾಡಬೇಕೆಂದು ಕೇಳಿದರು. ಮಾಮಲೇದಾರರು ಕೆಟ್ಟವರಲ್ಲ, ಅವಸರದ ಮನುಷ್ಯ. "ನೀವು ಅಪಾಯ ಐತಿ ಅಂತ ಬರದ ಕೊಟ್ರ ನಾ ಹುಕುಂ ಮಾಡ್ತೇನ್ರಿ. ಬರೀಲಿಲ್ಲಂದ್ರ ನಾವಿಬ್ರೂ ಮಾತೇ ಆಡಿಲ್ಲ. ನಾಳೆ ಏನರೆ ಆತಂದ್ರ ಮಾತ್ರ ಅದು ನಿಮ್ಮ ತಲಿ ಮ್ಯಾಲೆ."

"ಬರದ ಕಳಸೀನಿ ಅನ್ರಿ. ಅಂವ ಏನೂ ಮಾಡವನ ಅಲ್ಲ ಅಂತಿದ್ರ?"

"ಒಳಗ ಇದ್ದಂವ ಏನ್ ಮಾಡ್ತಾನ್ರಿ?" ಎಂದು ಮಾಮಲೇದಾರರು ನಕ್ಕರು. "ಅದು ಗೊತ್ತಾಗೂದ ಇಲ್ಲ ಬಿಡ್ರಿ."

ಅದು ಗೊತ್ತಾಗುವುದೇ ಇಲ್ಲ ಎಂಬ ಮಾತೇ ಡಾಕ್ಟರನ್ನು ಹಿಡಿದುಕೊಂಡಿತು. ದಾರಿಯಲ್ಲಿ, "ನಾ ಬಾಯಿ ಬಿಟ್ರ ಒಬ್ಬ ಮನಶ್ಯಾ ಖರೆ ಹೋಗ್ತಾನ ರಾಚಪ್ಪ. ಬಿಡಲಿಲ್ಲಂದ್ರ ಒಂದು ಕೂಸು ಹೋದ್ರೂ ಹೋದೀತು, ಉಳದ್ರೂ ಉಳದೀತು. ನಾ ಕಲ್ತ ಪುಸ್ತಕದಾಗ ಇದಿಲ್ಲ" ಎಂದರು. ದವಾಖಾನೆಯ ಹತ್ತಿರ ಬಂದಾಗ, "ನಡುವ ಒಂದು ದಾರಿ ಇರಬೇಕಲಾ" ಎಂದು ತಮಗೆ ತಾವೇ ಅಂದುಕೊಂಡರು.

ಆ ನಡುವಿನ ದಾರಿಯನ್ನು ಹುಡುಕಿಕೊಂಡೇ ನಾವಿಬ್ಬರೂ ಇಳಕಲ್ಲಿಗೆ ಹೋದದ್ದು. ಓಣಿಯ ತುಂಬ ಮಗ್ಗದ ಸದ್ದು. ಈರಪ್ಪ ರೇಷ್ಮೆ ತರಲು ಬಣ್ಣಗಾರರ ಮನೆಗೆ ಹೋಗಿದ್ದ. ಅವನ ಹೆಂಡತಿ ಗೌರವ್ವ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳು. ಡಾಕ್ಟರು ಹೊಸ್ತಿಲ ಬಳಿ ನೆಲಕ್ಕೆ ಕುಳಿತು, ಕೂಸು ಬಡಕಲಾಗಿದೆ, ಹವಾ ಬದಲಾದರೆ ಒಳ್ಳೆಯದು, ಕೆಲವು ದಿನ ಗುಳೇದಗುಡ್ಡಕ್ಕೆ ತವರಿಗೆ ಹೋಗಿ ಬಾ ತಾಯಿ ಎಂದರು. ಅವಳು ತೊಟ್ಟಿಲಿನತ್ತ ನೋಡಿದಳು. ಕೂಸು ದುಂಡಗೆ, ಕೆಂಪಗೆ ಮಲಗಿತ್ತು.

"ಕೂಸಿಗೆ ಏನಾಗೇತ್ರಿ? ಚಲೋನ ಐತಲ್ಲ. ನಾ ಹೋದ್ರ ಇಲ್ಲಿ ನೂಲಿನ ಕಂಡಕಿ ಸುತ್ತೋರ್ಯಾರು, ಅವರಿಗೆ ರೊಟ್ಟಿ ಬಡದ ಹಾಕೋರ್ಯಾರು?"

"ಹೋಗವ್ವಾ. ನಾ ಹೇಳ್ತೇನಲ್ಲ."

"ಯಾಕ ಅಂತ ಹೇಳ್ರಿ, ಹೋಗ್ತೇನಿ."

ಡಾಕ್ಟರು ತೊಟ್ಟಿಲಿನ ಪಕ್ಕದ ಮಗ್ಗದ ಕುಣಿಯತ್ತ ನೋಡಿದರು. ಆಮೇಲೆ ಹೇಳಿಬಿಟ್ಟರು. ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ, ಇದು ಅವನ ಮನಸ್ಸಲ್ಲ, ರೋಗ ಎಂದು ಬಿಡಿಸಿ ಬಿಡಿಸಿ ಹೇಳಿದರು. ಗೌರವ್ವನಿಗೆ ಕೇಳಿಸಿದ್ದು ಕೂಸು ಮತ್ತು ಕುಣಿ ಎರಡೇ. ಅವಳು ಕೂಸನ್ನು ಎದೆಗೆ ಅವುಚಿಕೊಂಡು ಓಣಿಗೆ ಓಡಿ ಕಿರುಚಿದಳು. ಒಂದೊಂದೇ ಮನೆಯ ಮಗ್ಗ ನಿಂತಿತು. ಜನ ಸೇರಿದರು. ಅದೇ ಹೊತ್ತಿಗೆ ಈರಪ್ಪ ಹೆಗಲ ಮೇಲೆ ಕೆಂಪು ರೇಷ್ಮೆಯ ಲಡಿ ಹಾಕಿಕೊಂಡು ತಿರುವಿನಲ್ಲಿ ಕಾಣಿಸಿಕೊಂಡ. ಗಂಡಸರು ಅವನ ಮೇಲೆ ಬಿದ್ದರು. ಅವನು ಕೊಸರಾಡಲಿಲ್ಲ. ರೇಷ್ಮೆಯನ್ನು ತುಳಿಯಬೇಡಿ ಎಂದು ಮಾತ್ರ ಹೇಳುತ್ತಿದ್ದ. ಅವನನ್ನು ಅವನ ಮಗ್ಗದ ಕಂಬಕ್ಕೇ ಕಟ್ಟಿದರು.

"ಬಿಡ್ರೋ, ಅಂವ ತಾನಾಗೇ ಬಂದು ಹೇಳ್ಯಾನ, ಯಾರಿಗೂ ಏನೂ ಮಾಡಿಲ್ಲ" ಎಂದು ಡಾಕ್ಟರು ಕೂಗುತ್ತಲೇ ಇದ್ದರು. ಯಾರೂ ಕೇಳಲಿಲ್ಲ. ಈರಪ್ಪ ಅವರನ್ನು ನೋಡಿದ. ಸಿಟ್ಟು ಇರಲಿಲ್ಲ, ಅರ್ಥವಾಗದವನ ಹಾಗೆ ನೋಡಿದ.

"ಸಾಹೇಬ್ರ, ನಾ ನಿಮ್ಮ ಹಂತ್ಯಾಕ ಬಂದಿದ್ದೆ. ಇವರ ಹಂತ್ಯಾಕ ಬಂದಿದ್ದಿಲ್ಲ."

ಆಮೇಲೆ ಬರೆದುಕೊಡದೆ ದಾರಿಯಿರಲಿಲ್ಲ. ಬರೆಯದಿದ್ದರೆ ಓಣಿಯವರು ಆ ಕಂಬದಿಂದ ಅವನನ್ನು ಬಿಚ್ಚುವ ಹಾಗಿರಲಿಲ್ಲ. ಡಾಕ್ಟರು 'ಅಪಾಯಕಾರಿ' ಎಂದು ಬರೆದು ಸಹಿ ಹಾಕಿದರು. ಬಾಗಲಕೋಟೆಯ ರೈಲು ಸ್ಟೇಶನ್ನಿನ ತನಕ ತಾವೇ ಜೊತೆಗೆ ಬಂದರು. ಹಗ್ಗ ಬಿಚ್ಚೆಂದು ಪೊಲೀಸನನ್ನು ಬೇಡಿಕೊಂಡರು, ಹುಕುಮಿನಲ್ಲಿ ಇಲ್ಲವೆಂದು ಅವನು ಬಿಚ್ಚಲಿಲ್ಲ. ಗಾಡಿ ಬರುವ ಮುಂಚೆ ಈರಪ್ಪ, "ಅಲ್ಲಿ ಮಗ್ಗ ಇರ್ತಾವೇನ್ರಿ?" ಎಂದು ಕೇಳಿದ. ಇಲ್ಲ ಎಂದರು. "ಹಂಗಾರ ಆತು" ಎಂದು ಹತ್ತಿ ಕುಳಿತ. ಮುಂದಿನ ಮಳೆಗಾಲದಲ್ಲಿ ಅಲ್ಲಿಯೇ ಜ್ವರ ಬಂದು ಸತ್ತನೆಂದು ಸುದ್ದಿ ಬಂತು.

ಸುದ್ದಿ ತಿಳಿದ ಮೇಲೆ ಗೌರವ್ವ ದವಾಖಾನೆಗೆ ಬಂದಳು. ಬಗಲಲ್ಲಿ ಮಗು. ಒಳಗೆ ಬಾ ಎಂದರೆ ಬರಲಿಲ್ಲ, ಎಲ್ಲರೂ ಕುಳಿತಿದ್ದ ಪಡಸಾಲೆಯಲ್ಲೇ ನಿಂತು ಕೇಳಿದಳು.

"ಅವರು ಖರೆ ಹಂಗ ಮಾಡ್ತಿದ್ರೇನ್ರಿ?"

ಹೌದು ಎಂದಿದ್ದರೆ ಅವಳಿಗೆ ಒಂದು ನೆಮ್ಮದಿ ಸಿಗುತ್ತಿತ್ತು. ಅದು ಡಾಕ್ಟರಿಗೂ ಗೊತ್ತಿತ್ತೆಂದು ನನಗೆ ಈಗಲೂ ಅನಿಸುತ್ತದೆ.

"ನನಗ ಗೊತ್ತಿಲ್ಲವ್ವಾ."

"ಗೊತ್ತಿಲ್ದ ಬರದ್ರಿ?"

ಅವಳು ಕೂಗಾಡಲಿಲ್ಲ. ಮಗುವನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಹೊರಟುಹೋದಳು.

ಅಂದಿನಿಂದ ಡಾಕ್ಟರ ಮಾತು ಬದಲಾಯಿತು. ಯಾರಾದರೂ ಒಳಗೆ ಬಂದು ಕುಳಿತರೆ ಮೊದಲೇ, "ನೋಡ್ರಿ, ಕೆಲವು ಮಾತು ನಾ ಮುಚ್ಚಿಡಾಕ ಆಗಂಗಿಲ್ಲ. ಮಂದಿ ಜೀವಕ್ಕ ಬರೂವಂಥಾದ್ದು ಇದ್ರ ಹೇಳಬೇಕಾಗ್ತೈತಿ. ಅದನ್ನ ತಿಳಕೊಂಡು ಮಾತಾಡ್ರಿ" ಎಂದು ಹೇಳುತ್ತಿದ್ದರು. ಅದು ನ್ಯಾಯವಾದ ಮಾತು. ಕೇಳಿದವರು ಹೊಟ್ಟೆನೋವಿನ ಔಷಧ ಕೇಳಿ ಇಸಿದುಕೊಂಡು ಎದ್ದುಹೋಗುತ್ತಿದ್ದರು. ಕ್ರಮೇಣ ಅಷ್ಟು ಜನವೂ ಬರುವುದು ನಿಂತಿತು. ಹುನಗುಂದದಲ್ಲಿಯೇ ಒಬ್ಬ ಬಾಣಂತಿ ಬಾವಿಗೆ ಬಿದ್ದಳು. ಹೆಣ ನೋಡಲು ಹೋದ ಡಾಕ್ಟರಿಗೆ ಅವಳ ತಾಯಿ, "ನಿಮ್ಮ ಹಂತ್ಯಾಕ ಬರ್ತೇನಿ ಅಂತಿದ್ಲರಿ. ಊರಿಗೆಲ್ಲಾ ಹೇಳಿಬಿಡ್ತಾರ ಅಂತ ನಾವ ಬಿಡಲಿಲ್ಲ" ಎಂದಳು. ಆ ದಿನ ಅವರು ಊಟಕ್ಕೆ ಏಳಲಿಲ್ಲ.

ಅವರು ಪಿಂಚಣಿ ತೆಗೆದುಕೊಂಡು ಬಾದಾಮಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿ ಉಳಿದರು. ನನಗೆ ಬಾಗಲಕೋಟೆಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ತಿಳಿದು ನಾನು ಓಡುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅದಕ್ಕೂ ಮೊದಲಿನ ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡಿದ್ದೆ. ಅದೇ ಕೊನೆ. ಮೈ ಅರ್ಧಕ್ಕರ್ಧ ಇಳಿದಿತ್ತು. ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಎದುರಿನ ಕೆಂಪು ಬಂಡೆಗಳನ್ನು ನೋಡುತ್ತ, "ಇಳಕಲ್ಲಿಗೆ ಹೋಗಿದ್ದೇನು?" ಎಂದು ಕೇಳಿದರು.

ಹೋಗಿದ್ದೆ. ಸಿಡುಬು ಬರದಂತೆ ಮಕ್ಕಳಿಗೆ ದೇವಿ ಹಾಕುವ ಕೆಲಸಕ್ಕೆ ಹೋದಾಗ ಈರಪ್ಪನ ಮಗಳನ್ನು ಕಂಡಿದ್ದೆ.

"ಚಲೋ ಅದಾಳ್ರಿ. ಅವ್ವನ ಕೂಡ ನೂಲು ಸುತ್ತತಾಳ."

"ಅಕಿಗೆ ಗೊತ್ತೈತೇನು?"

ಅವರೆದುರು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. "ಗೊತ್ತೈತ್ರಿ. ಓಣಿ ಹುಡುಗ್ರು ಅಂತಾರ. 'ನಮ್ಮಪ್ಪ ನನ್ನ ಕೊಲ್ಲಾಕ ಬಂದಿದ್ನಂತಲ್ರಿ, ಖರೇನ?' ಅಂತ ನನ್ನ ಕೇಳಿದ್ಲು."

"ನೀ ಏನಂದಿ?"

"ನಿಮ್ಮಪ್ಪ ನಿನ್ನ ಉಳಸಾಕ ಹುನಗುಂದದ ತನಕ ನಡಕೊಂಡು ಬರ್ತಿದ್ದ ಅಂದೆ."

ಅವರು ನನ್ನ ಕಡೆ ತಿರುಗಿದರು.

"ನಂಬಿದ್ಲೇನು?"

"ಇಲ್ರಿ."