ಆಟದಲ್ಲಿ ಕರೆದ ಹೆಸರು

ಆಗ ನನಗೆ ಅರವತ್ತೊಂದು. ಹದಿನಾರು ವರ್ಷದ ಹಿಂದಿನ ಮಾತು. ಬಳ್ಳಾರಿಯಲ್ಲಿ ಅದಿರಿನ ಲಾರಿಗಳ ಕಾಲ. ಒಗೆದು ಹಾಕಿದ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಮಗ ಎರಡು ಟಿಪ್ಪರ್ ಇಟ್ಟಿದ್ದ. ಅದಕ್ಕೇ ಕುರುಗೋಡು ಬಿಟ್ಟು ಕೌಲ್ ಬಜಾರಿನ ಹತ್ತಿರ ಮನೆ ಮಾಡಿದ್ದೆವು.

ಗಂಡ ಸತ್ತ ವರ್ಷವೇ ಮೊಮ್ಮಗ ಹುಟ್ಟಿದ. ಮಗ ನನ್ನನ್ನು ಒಂದು ಮಾತು ಕೇಳದೆ ಅವನಿಗೆ ಅಪ್ಪನ ಹೆಸರನ್ನೇ ಇಟ್ಟ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. ಮದುವೆಯಲ್ಲಿ ಮಾತ್ರ ಒಡಪು ಹಾಕಿಸುತ್ತಾರೆ. ಪದದ ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಒಂದು ಸಲ ಹೇಳಬೇಕು. ನಾನು ಅದನ್ನೂ ಹೇಳಲಿಲ್ಲ. ಸಿರುಗುಪ್ಪದ ಹುಡುಗಿಗೆ ನಾಲಿಗೆಯೇ ಇಲ್ಲ ಎಂದು ಕುರುಗೋಡಿನವರು ನಕ್ಕರು. ಆಮೇಲೆ ಸಂಸಾರವೆಲ್ಲ 'ಕೇಳಿದ್ರ್ಯಾ', 'ಇಲ್ನೋಡ್ರಿ' ಎನ್ನುವುದರಲ್ಲೇ ಮುಗಿಯಿತು.

ಹೀಗಾಗಿ ಮೊಮ್ಮಗಳನ್ನು ಹೆಸರು ಹಿಡಿದು ಕರೆಯುತ್ತಿದ್ದೆ. ಅವಳ ತಮ್ಮನನ್ನು 'ಏ ಹುಡುಗ' ಎನ್ನುತ್ತಿದ್ದೆ. ಅವನಿಗೆ ಎಂಟು ವರ್ಷ. ಅದು ಅವನಿಗೆ ಚುಚ್ಚತೊಡಗಿತ್ತು. ಅಜ್ಜಿಗೆ ಅಕ್ಕ ಬೇಕು, ನಾ ಬ್ಯಾಡ ಎಂದು ಅವ್ವನ ಮುಂದೆ ಹೇಳಿದ್ದನಂತೆ. ಅದು ನಿಮ್ಮ ಅಜ್ಜನ ಹೆಸರು, ಅದಕ್ಕ ಅನ್ನಂಗಿಲ್ಲ ಎಂದು ಅವಳು ತಿಳಿಸಿ ಹೇಳಿದರೆ, "ಅದು ಸತ್ತೋರ ಹೆಸರಲ್ಲ, ನಂದು" ಎಂದನಂತೆ.

ಮಗ ಬಂದರಿಗೆ ಅದಿರು ಹಾಕಿ ಬರುವಾಗ ಮಕ್ಕಳಿಗೆ ಒಂದು ಆಟದ ಡಬ್ಬಿ ತಂದ. ಹಲಗೆಯ ಮೇಲೆ ಗುಡ್ಡ, ಗವಿ, ರಾಕ್ಷಸರು. ನಮ್ಮ ಕೈಗೆ ಒಂದೊಂದು ಗೊಂಬೆ. ಒಂದು ಭಾನುವಾರ ಮಧ್ಯಾಹ್ನ ಸೊಸೆ, ಮಕ್ಕಳಿಬ್ಬರು, ನಾನು ಕೂತೆವು. ಮಗ ಮಂಚದ ಮೇಲೆ ಮಲಗಿ ನೋಡುತ್ತಿದ್ದ. ನಾನು ಹುಣಸೆ ಬೀಜದಲ್ಲಿ ಚೌಕಾಬಾರ ಆಡಿ ಬೆಳೆದವಳು. ಎದುರಿನವರ ಕಾಯಿ ಹೊಡೆಯುವುದೇ ಆಟ ಎಂದು ಗೊತ್ತು. ಇಲ್ಲಿ ಎದುರಿನವರೇ ಇಲ್ಲ, ನಾಲ್ವರೂ ಒಂದೇ ಕಡೆ. ಹಂಗಾದರ ಸೋಲೋರು ಯಾರು ಎಂದು ಕೇಳಿದೆ. ಸೋತರ ಎಲ್ಲಾರೂ ಸೋಲತೀವಜ್ಜಿ ಎಂದಳು ಮೊಮ್ಮಗಳು. ಪುಸ್ತಕ ಓದಿ ಎಲ್ಲ ಹೇಳುತ್ತಿದ್ದವಳು ಅವಳೇ.

ನನ್ನ ಗೊಂಬೆ ಒಬ್ಬ ಮುದುಕಿ. ಸತ್ತವರನ್ನು ಎಬ್ಬಿಸುವ ಮಂತ್ರ ಅವಳ ಹತ್ತಿರ ಇತ್ತು, ಒಂದೇ ಒಂದು ಸಲಕ್ಕೆ. ರಾಕ್ಷಸ ಗವಿ ಬಾಗಿಲಿಗೆ ಬಂದ. ಅಕ್ಕ ತಮ್ಮ ಇಬ್ಬರ ಗೊಂಬೆಗಳೂ ಸತ್ತು ಬಿದ್ದಿದ್ದವು. ಯಾರನ್ನು ಹೆಸರು ಹಿಡಿದು ಕರೆಯುತ್ತೇನೋ ಅವರು ಏಳುತ್ತಾರೆ, ಇನ್ನೊಬ್ಬರು ಹೋದಂತೆ.

ಹುಡುಗ ನನ್ನ ಬಾಯಿಯನ್ನೇ ನೋಡುತ್ತಿದ್ದ.

ನಾನು ಅವನ ಗೊಂಬೆಗೆ ಬೆರಳು ತೋರಿಸಿದೆ. ತೋರಿಸಿದರ ನಡೆಯಂಗಿಲ್ಲ ಎಂದಳು ಹುಡುಗಿ. ನನ್ನ ಮಗನ ಮಗ ಎಂದೆ. ಅದಕ್ಕೂ ಒಪ್ಪಲಿಲ್ಲ. ಸೊಸೆಗೆ ನಗು.

"ಒಡಪು ಹಾಕಿ ಹೇಳ್ರಿ ಅತ್ತಿ. ಮದುವ್ಯಾಗಿಂದು ಬಾಕಿ ಐತಲ್ಲ."

ಮಂಚದ ಮೇಲಿಂದ ಮಗನೂ ನಕ್ಕ. ನಾನು ಮತ್ತೆ ಗೊಂಬೆಗೇ ಬೆರಳು ತೋರಿಸಿದೆ. ಆಗ ಹುಡುಗ ತನ್ನ ಗೊಂಬೆಯನ್ನು ತಾನೇ ಎತ್ತಿ ಡಬ್ಬಿಯೊಳಗೆ ಇಡಹೋದ.

"ಅಕ್ಕನ್ನ ಕರಿ ಅಜ್ಜಿ. ಇರ್ಲಿ ಬಿಡು."

ಅವನು ಹಾಗೆ ಅಂದದ್ದು ನನಗೆ ತಡೆಯಲಾಗಲಿಲ್ಲ. ಹೆಸರು ಬಂತು. ಬಂದದ್ದು ಒಂದೇ ಅಲ್ಲ, ಹಿಂದೊಂದು ಮುಂದೊಂದು 'ಲೇ' ಸೇರಿಸಿಕೊಂಡು ಓಣಿಗೆ ಕೇಳುವಷ್ಟು ಜೋರಾಗಿ ಬಂತು.

"ಎಷ್ಟೊತ್ತು ಬಿದ್ದಿರ್ತೀಯಲೇ, ಎದ್ದು ಬಾ."

ಹುಡುಗ ಕುಣಿದ. ರಾಕ್ಷಸನನ್ನು ಅವನೇ ಕೊಂದ. ಎಲ್ಲರೂ ಗೆದ್ದೆವು ಎಂದು ಹುಡುಗಿ ನನ್ನ ಕೈ ಹಿಡಿದು ಅಲ್ಲಾಡಿಸಿದಳು. ಸೊಸೆ ಸೆರಗನ್ನು ಬಾಯಿಗೆ ಇಟ್ಟುಕೊಂಡಳು, ಈಗ ನಗು ಇರಲಿಲ್ಲ. ಮಗ ಎದ್ದು ಕೂತಿದ್ದ. ನಾನು ಕರೆದದ್ದು ಯಾರನ್ನು ಎಂದು ಅವನಿಗೆ ತಿಳಿದಿತ್ತು. ಅವನ ಅಪ್ಪ ಕುಡಿದು ಕುರುಗೋಡಿನ ಕಾಲುವೆ ದಂಡೆಯ ಮೇಲೆ ಬಿದ್ದಿರುತ್ತಿದ್ದ. ಈ ಮಗನ ಕೈ ಹಿಡಿದುಕೊಂಡು ಹೋಗಿ, ಏಳ್ರಿ, ಮನಿಗೆ ಹೋಗಾಣು ಬರ್ರಿ ಎಂದು ಎಬ್ಬಿಸಿ ತರುತ್ತಿದ್ದೆ. ಬಾಯಲ್ಲಿ ಅದು. ಹೊಟ್ಟೆಯಲ್ಲಿ ಏನಿತ್ತು ಎಂಬುದು ಈಗ ಹೊರಗೆ ಬಿದ್ದಿತ್ತು, ಸೊಸೆಯ ಮುಂದೆ.

ತಲೆ ತಗ್ಗಿಸಿ ಒಳಗೆ ಹೋದೆ. ಸತ್ತ ಗಂಡನನ್ನು ಲೇ ಅಂದೆನಲ್ಲ ಎಂದು ನಾಚಿಕೆ. ಅಂದ ಮೇಲೆ ಹಗುರಾಯಿತಲ್ಲ, ಅದಕ್ಕೆ ಇನ್ನೂ ಹೆಚ್ಚು ನಾಚಿಕೆ. ಹುಡುಗ ಮಾತ್ರ ಅಜ್ಜಿ ತನ್ನನ್ನೇ ಕರೆದಳು ಎಂದು ಮನೆ ತುಂಬ ಹೇಳಿಕೊಂಡು ಓಡಾಡುತ್ತಿದ್ದ. ಅವನ ಮುಖ ನೋಡುವುದು ಎಲ್ಲಕ್ಕಿಂತ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೊತ್ತಾದರೂ ಹುಡುಗ ಏಳಲಿಲ್ಲ. ಎಚ್ಚರ ಇತ್ತು, ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಏ ಹುಡುಗ ಎಂದೆ. ಆ ಕಡೆ ಹೊರಳಿದ. ನಾನು ಬಾಗಿಲು ಮುಂದಕ್ಕೆ ಎಳೆದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಆ ಹೆಸರು ಹೇಳಿದೆ. ಲೇ ಅನ್ನಲಿಲ್ಲ.

"ಏಳ್ರಿ," ಎಂದೆ. "ಸಾಲಿಗೆ ಹೊತ್ತಾತು."