ಡೇರಿ ಸಾಲಿನಲ್ಲಿ ದಾರಿ ಹೇಳುವ ವಸಂತಮ್ಮ

ಲೊಕ್ಕನಹಳ್ಳಿಯ ಹಾಲಿನ ಡೇರಿ ಮುಂದೆ ಇನ್ನೂ ಮಬ್ಬುಗತ್ತಲೆ. ಕ್ಯಾನು, ಬಕೆಟ್ಟು ಹಿಡಿದು ಸಾಲುಗಟ್ಟಿದವರ ನಡುವೆ ಹಾಲಿಲ್ಲದ ಹೆಂಗಸೊಬ್ಬರು ನಿಂತಿದ್ದಾರೆ. ತಲೆಗೆ ಶಾಲು, ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಕೊಳ್ಳೇಗಾಲದಿಂದ ಮೊದಲ ಬಸ್ಸಿಗೆ ಬಂದಿಳಿದ ವಸಂತಮ್ಮ, ಸಾಲಿನ ಕೊನೆಯಲ್ಲಿದ್ದ ಹುಡುಗಿಯನ್ನು ವಿಚಾರಿಸುತ್ತಿದ್ದಾರೆ.

"ಪಿಯುಸಿ ಆಯ್ತಲ್ಲವ್ವ, ಮುಂದಕ್ಕೇನು?"

"ಕೋರ್ಸ್ ಮಾಡುದ್ರೆ ಕೆಲ್ಸ ಸಿಕ್ತದಾ ಅಕ್ಕ, ಇಲ್ಲ ಕೆಲ್ಸ ಇದ್ದೋರ್ಗೇ ಕೋರ್ಸ್ ಕೊಡ್ತಾರಾ?"

ವಸಂತಮ್ಮ ಫೈಲು ತೆರೆಯುತ್ತಾರೆ, ಮತ್ತೆ ಮುಚ್ಚುತ್ತಾರೆ. ಅಳತೆ ಮಾಡುತ್ತಿದ್ದ ಡೇರಿ ಕಾರ್ಯದರ್ಶಿ ಮಹದೇವಪ್ರಸಾದ್ ಒಳಗಿನಿಂದಲೇ ಕಾಲೆಳೆಯುತ್ತಾರೆ: "ನಾವು ಹಾಲಿನ ಡಿಗ್ರಿ ನೋಡಿ ದರ ಆಕ್ತೀವಿ. ನಿಮ್ ಹುಡುಗ್ರಿಗೆ ಡಿಗ್ರಿ ಇದ್ರೂ ದರ ಇಲ್ವಲ್ಲ ವಸಂತಕ್ಕ!" ಸಾಲು ನಗುತ್ತದೆ. ವಸಂತಮ್ಮನೂ ನಗುತ್ತಾರೆ, ಆದರೆ ಸ್ವಲ್ಪ ತಡವಾಗಿ.

ಓದು ನಿಲ್ಲಿಸಿದ ಹುಡುಗ ಹುಡುಗಿಯರನ್ನು ಹುಡುಕಿ, ಯಾವ ತರಬೇತಿ ಹೊಂದುತ್ತದೆಂದು ತಿಳಿಹೇಳಿ, ಹೆಸರು ನೋಂದಾಯಿಸಿ, ತರಬೇತಿ ಮುಗಿದ ಮೇಲೆ ಕೆಲಸಕ್ಕೆ ಸೇರಿಸುವುದು ಅವರ ಕಾಯಕ. ಮನೆಮನೆಗೆ ಹೋದರೆ ಬಾಗಿಲಿಗೆ ಬೀಗ, ಜನ ಹೊಲದಲ್ಲಿ. ಊರಿನ ಎಲ್ಲ ಮನೆಯಿಂದಲೂ ಒಬ್ಬರಾದರೂ ಬಂದು ನಿಲ್ಲುವ ಜಾಗ ಡೇರಿಯೊಂದೇ ಎಂದು ಅವರು ಕಂಡುಕೊಂಡು ಆರು ವರ್ಷವಾಯಿತು. ಹನೂರು, ಕೊಳ್ಳೇಗಾಲ, ಯಳಂದೂರು ಮೂರೂ ತಾಲ್ಲೂಕು ಅವರದೇ. ದಿನಕ್ಕೆ ನಾಲ್ಕು ಬಸ್ಸು, ಆರೇಳು ಕಿಲೋಮೀಟರ್ ನಡಿಗೆ, ತಿಂಗಳಿಗೆ ಇಪ್ಪತ್ತೈದು ಹೆಸರು ನೋಂದಾಯಿಸಲೇಬೇಕು. ತಮಿಳು ಮಾತಾಡುವವರೇ ಹೆಚ್ಚಿರುವ ಮಾರ್ಟಳ್ಳಿಗೆ ಹೋದರೆ ಹರಕುಮುರುಕು ತಮಿಳಿನಲ್ಲೇ ಮಾತು.

ವಯಸ್ಸು ನಲವತ್ತಾರು. ಕೊಳ್ಳೇಗಾಲದ ರೇಷ್ಮೆ ನೇಕಾರರ ಮನೆಯವರು. ಮಗ್ಗದಲ್ಲಿ ಕೂರುವ ಗಂಡ ಮಾದಪ್ಪನವರಿಗೆ ಇಪ್ಪತ್ತು ವರ್ಷ ನೂಲು ಸುತ್ತಿಕೊಟ್ಟವರು. ಭುಜ ಎತ್ತಲಾಗದೆ ಹೋದಾಗ ಖಾಸಗಿ ತರಬೇತಿ ಸಂಸ್ಥೆಯೊಂದಕ್ಕೆ ಸೇರಿಕೊಂಡರು. ಗುತ್ತಿಗೆ ಕೆಲಸ. ಪ್ರತಿ ಮಾರ್ಚಿಗೆ ಮುಗಿಯುತ್ತದೆ, ಮೇಲಿನವರು ಮನಸ್ಸು ಮಾಡಿದರೆ ಮುಂದುವರಿಯುತ್ತದೆ.

"ದಿಲ್ಲಿ ಸರ್ಕಾರದ ನೀತಿ ಅಂತ ಮೈಸೂರಲ್ಲಿ ಒಂದಿನ ಪಾಠ ಮಾಡುದ್ರು," ಎನ್ನುತ್ತಾರೆ ವಸಂತಮ್ಮ. "ಮೊದ್ಲು ಮಾರ್ಗದರ್ಶನ, ಆಮೇಲೆ ತರಬೇತಿ, ಆಮೇಲೆ ಉದ್ಯೋಗ ಕಚೇರಿ. ಮೂರ್ಕೂ ಒಂದೇ ದಾರ ಅಂದ್ರು. ಕೇಳಕ್ಕೆ ಚೆನ್ನಾಗಿತ್ತು ಕಣ್ರಿ. ದಾರದ ತುದಿ ಎಲ್ಲದೆ ಅಂತ ನಾನಿನ್ನೂ ಹುಡುಕ್ತಾವ್ನಿ."

ಈ ವರ್ಷ ಅವರು ದಾರಿ ತಪ್ಪಿದ್ದು ಪವಿತ್ರಳ ವಿಷಯದಲ್ಲಿ. ಇದೇ ಲೊಕ್ಕನಹಳ್ಳಿಯ ಹುಡುಗಿ, ವಯಸ್ಸು ಹತ್ತೊಂಬತ್ತು. ವಸಂತಮ್ಮನ ಮಾತು ಕೇಳಿ ಮೂರು ತಿಂಗಳು ಹೊಲಿಗೆ ಯಂತ್ರದ ತರಬೇತಿ ಮುಗಿಸಿದಳು. ದೂರದ ಊರಿನ ಗಾರ್ಮೆಂಟ್ಸಿಗೆ ವಸಂತಮ್ಮನೇ ಕರೆದೊಯ್ದು ಬಿಟ್ಟುಬಂದರು. ಬಟ್ಟೆಯ ದೂಳಿಗೆ ಹುಡುಗಿಗೆ ಉಬ್ಬಸ ಹತ್ತಿ, ಹನ್ನೊಂದನೆಯ ದಿನಕ್ಕೆ ಮನೆಗೆ ವಾಪಸಾದಳು.

ಮೂರು ತಿಂಗಳಾದ ಮೇಲೆ ಸಂಸ್ಥೆಯಿಂದ ವಿಚಾರಣೆ ಬಂತು: ಹುಡುಗಿ ಕೆಲಸದಲ್ಲಿ ಇದ್ದಾಳೆಯೇ, ಬಿಟ್ಟಳೇ? ಕಂಪ್ಯೂಟರಿಗೇರುವ ನಮೂನೆಯಲ್ಲಿ ವಸಂತಮ್ಮ 'ಇದ್ದಾಳೆ' ಎಂದು ತುಂಬಿದರು. ಇಲ್ಲಿ ನಾವು ಅವರನ್ನು ಬೈಯುವ ಮೊದಲು ಅವರ ಮಾತನ್ನೂ ಕೇಳಬೇಕು. "ಗಂಡನ ಮನೆ ಬುಟ್ಟು ಬಂದ ಮಗಳ ಸುದ್ದೀನ ನಾವು ಬೀದೀಲಿ ಏಳ್ತೀವಾ? ಹಂಗೇ ಅಂದ್ಕಂಡೆ. ಬುಟ್ಟು ಬಂದ್ಲು ಅಂತ ಬರುದ್ರೆ ಹೆಣ್ಣಿನ ಹೆಸರಿಗೆ ಮಸಿ, ನಾಳೆ ಯಾರೂ ಕೆಲ್ಸ ಕೊಡಲ್ಲ ಅಂತ ಮುಚ್ಚಾಕ್ದೆ."

ಮುಚ್ಚಿದ್ದು ಕಳೆದ ತಿಂಗಳು ಬಾಯಿ ತೆರೆಯಿತು. ಯಳಂದೂರಿನಲ್ಲಿ ರೋಗಿಗಳ ಆರೈಕೆಯ ಉಚಿತ ತರಬೇತಿ ಶುರುವಾಗುತ್ತದೆಂದು ತಿಳಿದು ಪವಿತ್ರ ಕುಣಿದಾಡಿದ್ದಳು. ಹಾಸಿಗೆ ಹಿಡಿದ ಅಜ್ಜಿಯನ್ನು ಎರಡು ವರ್ಷ ನೋಡಿಕೊಂಡವಳು ಅವಳು, ಆ ಕೆಲಸ ಅವಳಿಗೆ ಇಷ್ಟ. ನೋಂದಣಿಗೆ ಹೋದರೆ ಕಂಪ್ಯೂಟರ್ ಒಲ್ಲೆ ಎಂದಿತು. ಈಗಾಗಲೇ ಉದ್ಯೋಗದಲ್ಲಿರುವವರಿಗೆ ಸೀಟಿಲ್ಲ! ಕೊನೆಯ ದಿನಕ್ಕೆ ಉಳಿದಿದ್ದು ಒಂದೇ ವಾರ.

ವಸಂತಮ್ಮ ಹುಡುಗಿಯ ಕೈ ಹಿಡಿದು ಅಲೆದರು. ತರಬೇತಿಯವರು ಉದ್ಯೋಗ ಕಚೇರಿಯತ್ತ ಕೈ ತೋರಿಸಿದರು, ಉದ್ಯೋಗ ಕಚೇರಿಯವರು ತರಬೇತಿಯವರತ್ತ. ಎತ್ತು ಏರಿಗೆ, ಕೋಣ ನೀರಿಗೆ. "ಹುಡುಗಿ ನನ್ ಪಕ್ಕದಲ್ಲೇ ಕೂತವ್ಳೆ. ಕಂಪ್ಯೂಟರ್ ಒಳ್ಗೆ ಬಟ್ಟೆ ಹೊಲೀತಾವ್ಳೆ. ಮೂರ್ನೇ ದಿನಕ್ಕೆ ಯಾವ ಪವಿತ್ರ ದಿಟ ಅಂತ ನಂಗೇ ಗೊತ್ತಾಗ್ದಂಗಾಯ್ತು," ಎನ್ನುವಾಗ ಅವರ ಮುಖದಲ್ಲಿ ಇಂದಿಗೂ ಆ ಗೊಂದಲ ಕಾಣುತ್ತದೆ.

ನಾಲ್ಕನೆಯ ದಿನ ಉದ್ಯೋಗ ಕಚೇರಿಯ ಗುಮಾಸ್ತರೊಬ್ಬರು ದಾರಿ ಹೇಳಿದರು. ತುಂಬಿದವರೇ ತಾವು ತಪ್ಪು ತುಂಬಿದ್ದಾಗಿ ಬರೆದು ಸಹಿ ಹಾಕಿಕೊಟ್ಟರೆ ಮಾತ್ರ ತಿದ್ದಬಹುದು. ಮಾಡಿದ್ದುಣ್ಣೋ ಮಹರಾಯ! ಸಂಸ್ಥೆಯ ಮೇಲ್ವಿಚಾರಕ ಮೋಹನ್ ಗದರಲಿಲ್ಲ, ಮೆತ್ತಗೇ ಹೇಳಿದರು: "ಬರ್ಕೊಡಿ ಅಕ್ಕ, ನಾನು ಬೇಡ ಅನ್ನಲ್ಲ. ಆದ್ರೆ ಮಾರ್ಚ್ ಬಂತು, ನಿಮ್ ಗುತ್ತಿಗೆ ಕಾಗ್ದನೂ ಮೇಲಕ್ಕೆ ಹೋಗ್ಬೇಕು. ಯೋಚ್ನೆ ಮಾಡಿ."

ಮಾರನೆಯ ಬೆಳಿಗ್ಗೆ ಮಗ್ಗದ ಪಕ್ಕದಲ್ಲಿ ಕೂತು ವಸಂತಮ್ಮ ಮೂರು ಹಾಳೆ ಕೆಡಿಸಿದರು. ಬರೆದರೆ ತಮ್ಮ ಕೆಲಸ ಹೋದೀತು, ಬರೆಯದಿದ್ದರೆ ಹುಡುಗಿಯ ಸೀಟು. ಮಾದಪ್ಪನವರನ್ನು ಕೇಳಿದರೆ ಅವರು ಲಾಳಿ ನಿಲ್ಲಿಸಿ, "ನೇಯ್ದುದ್ನ ಬಿಚ್ಚೋದು ನೇಯೋಕಿಂತ ಕಷ್ಟ ಕಣಮ್ಮಿ" ಎಂದು ಮತ್ತೆ ನೇಯತೊಡಗಿದರು. ಬಿಚ್ಚು ಎಂದರೋ ಬೇಡ ಎಂದರೋ ಹೆಂಡತಿಗೆ ತಿಳಿಯಲಿಲ್ಲ, ಕೇಳುವ ಪುರುಸೊತ್ತೂ ಇರಲಿಲ್ಲ. ನಾಲ್ಕನೆಯ ಹಾಳೆಗೆ ಸಹಿ ಹಾಕಿ ಬಸ್ಸು ಹತ್ತಿದರು.

ಕೊನೆಯ ದಿನದ ಸಂಜೆ ಪವಿತ್ರಳ ಹೆಸರು ಸೇರಿತು. ಈಗ ಅವಳು ಯಳಂದೂರಿನಲ್ಲಿ ರಕ್ತದೊತ್ತಡ ನೋಡುವುದನ್ನು ಕಲಿಯುತ್ತಿದ್ದಾಳೆ. ಮುಂದೆ ಕೆಲಸ ಸಿಗುತ್ತದೆಯೇ? "ಸಿಗ್ತದೆ ಅಂತ ತರಬೇತಿಯೋರು ಏಳವ್ರೆ. ನಾನೇನೂ ಏಳಿಲ್ಲ. ಸರಿ ಮಾಡುದ್ನೋ ತಪ್ಪು ಮಾಡುದ್ನೋ ಅನ್ನೋದೇ ನಂಗಿನ್ನೂ ಬಗೆಹರೀದು," ಎನ್ನುತ್ತಾರೆ ವಸಂತಮ್ಮ. ಅವರ ಗುತ್ತಿಗೆಯ ಕಾಗದ ಇನ್ನೂ ಬಂದಿಲ್ಲ.

ಆದರೆ ಆ ಹಾಳೆ ಕೊಟ್ಟುಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಕೆಲಸದಲ್ಲಿದ್ದಾರೆಂದು ಈ ವರ್ಷ ತಾವು ತುಂಬಿದ ಒಬ್ಬೊಬ್ಬರಿಗೂ ಫೋನು ಮಾಡಿದರು. ಕೆಲವರು ಕುರಿ ಕಾಯುತ್ತಿದ್ದರು, ಕೆಲವರಿಗೆ ಮದುವೆಯಾಗಿತ್ತು, ಒಬ್ಬ ಫೋನಿನಲ್ಲೇ ಅತ್ತ. ಬಿಟ್ಟುಬಂದವರ ಹೆಸರನ್ನೆಲ್ಲ ಬರೆದು ಅದನ್ನೂ ಕಚೇರಿಗೆ ಕೊಟ್ಟುಬಂದರು. ಯಾರೂ ಕೇಳಿರಲಿಲ್ಲ, ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ.

"ಈ ವರ್ಷ ಅರವತ್ಮೂರು ಜನಕ್ಕೆ ಕೆಲ್ಸ ಕೊಡ್ಸಿವ್ನಿ ಅಂತ ಲೆಕ್ಕದಲ್ಲಿತ್ತು," ಎಂದು ಶಾಲು ಸರಿಮಾಡಿಕೊಂಡು ಡೇರಿ ಜಗುಲಿಯಿಂದ ಎದ್ದುನಿಲ್ಲುತ್ತಾರೆ. "ಈಗ ನಲ್ವತ್ತೊಂದಾಗದೆ. ನಲ್ವತ್ತೊಂದೂ ದಿಟ ಕಣ್ರಿ."