ಜಾನ್ ಪಾಷಾ ತಿರುಗಿಸಿ ಹೇಳಿದ ಮಾತು

ಹುಣಸೂರಿನ ಜಾನ್ ಪಾಷಾನದು ಗಾಡಿ ಚಕ್ರದ ಕೆಲಸ. ಅವನ ತಂದೆಯದೂ ಅದೇ ಆಗಿತ್ತು. ಗಾವಡಗೆರೆ ಕಡೆಯ ರೈತರು ಚಕ್ರ ಲಟಗುಟ್ಟತೊಡಗಿತೆಂದರೆ ಎತ್ತು ಹೊಡೆದುಕೊಂಡು ನೇರವಾಗಿ ಅವನ ಚಪ್ಪರದ ಮುಂದೆ ಬಂದು ನಿಲ್ಲುತ್ತಿದ್ದರು. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಚಕ್ರಕ್ಕೆ ತೊಡಿಸಿ, ನೀರು ಹೊಯ್ದು ಬಿಗಿಮಾಡುವಾಗ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬೇರೆ ಹೊತ್ತಿನಲ್ಲೂ ಕೇಳಿದ್ದಕ್ಕಷ್ಟೇ ಉತ್ತರ. ಇಂಥವನನ್ನು ಬರೀ ಮಾತಿಗೋಸ್ಕರ ಉತ್ತರ ದೇಶಕ್ಕೆ ಕರೆದುಕೊಂಡು ಹೋದರು.

ಅದು ಮೂವತ್ತಾರನೆಯ ಇಸವಿ, ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದಿತ್ತು. ಗಾವಡಗೆರೆಯ ಚಾಮಯ್ಯನವರು ಮೇಷ್ಟ್ರಾಗಿ ನಿವೃತ್ತರಾದವರು. ಮೂವತ್ತು ವರ್ಷ ಮಕ್ಕಳಿಗೆ ತಾಜಮಹಲಿನ ಪಾಠ ಹೇಳಿದ್ದರೂ ಅದನ್ನು ಕಣ್ಣಿಂದ ಕಂಡಿರಲಿಲ್ಲ. ಅವರು ಸುತ್ತಿನ ಹಳ್ಳಿಗಳಿಂದ ಹದಿನೆಂಟು ಜನರನ್ನು ಕೂಡಿಸಿ ಕಾಶಿಯಾತ್ರೆ ಹೊರಡಿಸಿದರು. ಕಾಶಿ, ಪ್ರಯಾಗ ಮುಗಿಸಿ ಬರುವಾಗ ದೆಹಲಿಯಲ್ಲಿ ಒಂದು ದಿನ, ಆಗ್ರಾದಲ್ಲಿ ಎರಡು ದಿನ ನಿಂತು, ಗೈಡಿನವನನ್ನು ಗೊತ್ತುಮಾಡಿಕೊಂಡು ಮೊಗಲರ ಕೋಟೆ, ಮಹಲು, ಗೋರಿಗಳನ್ನು ನೋಡುವುದೆಂದು ತೀರ್ಮಾನವಾಯಿತು. ಆ ಕಡೆಯ ಭಾಷೆ ಬಲ್ಲವರು ಯಾರು ಎಂಬ ಪ್ರಶ್ನೆ ಬಂದಾಗ ದೊಡ್ಡಮಾದಯ್ಯ ಎದ್ದು ಹೇಳಿದ:

"ನಮ್ ಪಾಷಾ ಅವ್ನಲ್ಲ! ಅವ್ನ್ ಮನೇಲಿ ಆಡೋದೇ ಸಾಬ್ರ ಮಾತು ಕಣ್ರೀ."

ದೊಡ್ಡಮಾದಯ್ಯನೂ ಗಾವಡಗೆರೆಯವನೇ, ಅರವತ್ತು ದಾಟಿದ ರೈತ. ಇಪ್ಪತ್ತು ವರ್ಷದಿಂದ ಅವನ ಗಾಡಿಯ ಚಕ್ರಗಳು ಪಾಷಾನ ಮನೆಯವು. ಅವನು ಕರೆದ ಮೇಲೆ ಪಾಷಾಗೆ ಇಲ್ಲವೆನ್ನಲಾಗಲಿಲ್ಲ. ಹೆಂಡತಿ ಹಮೀದುನ್ನೀಸಾ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ಉರ್ದು ಹುಣಸೂರಿನ ಸೇತುವೆ ದಾಟಿದರೆ ಯಾರಿಗೆ ತಿಳಿಯುತ್ತೆ?" ಎಂದಳು.

ಅವಳ ಮಾತೇ ನಿಜವಾಯಿತು. ಪಾಷಾ ಬೇಡ ಎನ್ನಲು ‘ನಕ್ಕೋ’ ಎಂದರೆ ದೆಹಲಿಯ ಜಟಕಾದವರು ನಗುತ್ತಿದ್ದರು. ಕೆಂಪುಕೋಟೆಯಲ್ಲಿ ಗೈಡಿನವನು ಆಡಿದ ಮಾತಿನಲ್ಲಿ ನಾಲ್ಕಾಣೆ ಪಾಲು ಅವನಿಗೆ ತಿಳಿದರೆ ಹೆಚ್ಚು. ಮೊದಮೊದಲು "ಇದು ತಿಳೀಲಿಲ್ಲ ಮೇಷ್ಟ್ರೇ" ಎಂದು ಒಪ್ಪಿಕೊಂಡ. ಆದರೆ ಗೈಡು ಬಾಯಿ ಮುಚ್ಚಿದ ಕೂಡಲೇ ಅಷ್ಟೂ ಜನ ತನ್ನ ಮುಖವನ್ನೇ ನೋಡುತ್ತ ನಿಲ್ಲುವುದನ್ನು ಕಂಡು ಅವನಿಗೆ ಸಂಕಟವಾಗುತ್ತಿತ್ತು. ಬರಬರುತ್ತ ತಿಳಿಯದ ಕಡೆ ಒಂದಿಷ್ಟು ತಾನೇ ಸೇರಿಸಿ ಹೇಳತೊಡಗಿದ. ಇಲ್ಲಿ ನ್ಯಾಯ ಹೇಳುತ್ತಿದ್ದರಂತೆ, ಇಲ್ಲಿ ರಾಣಿಯರು ತಂಪಿಗೆ ಕೂರುತ್ತಿದ್ದರಂತೆ. ಜನರಿಗೆ ಸಮಾಧಾನವಾಗುತ್ತಿತ್ತು.

ಆಗ್ರಾದ ಮೊದಲ ದಿನ ಕೋಟೆ, ಆಮೇಲೆ ತಾಜಮಹಲು. ಚಾಮಯ್ಯನವರು ಬಾಗಿಲು ದಾಟಿದವರೇ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ದೊಡ್ಡಮಾದಯ್ಯನಿಗೆ ಬೇರೆಯದೇ ಯೋಚನೆ.

"ಈ ಕಲ್ಲ ಎಲ್ಲಿಂದ ತಂದ್ರಂತೆ, ಕೇಳು ಪಾಷಾ."

ಪಾಷಾ ಕೇಳಿದ. "ಎಂಟ್ ದಿನದ ದಾರಿಯಿಂದ ಗಾಡೀಲಿ ತಂದ್ರಂತೆ, ಯಜಮಾನ್ರೇ. ಒಂದೊಂದು ಗಾಡಿಗೂ ಇಪ್ಪತ್ತು ಜೋಡಿ ಎತ್ತಂತೆ." ದಿನದ ಲೆಕ್ಕವೂ ಎತ್ತಿನ ಲೆಕ್ಕವೂ ಅವನದೇ.

"ಇಪ್ಪತ್ತು ಜೋಡಿಯಾ! ಚಕ್ರ ಎಂಥದಿರ್ಬೇಕು ಹಂಗಾದ್ರೆ?"

ಇಬ್ಬರೂ ಆ ಚಕ್ರದ ಎತ್ತರವೆಷ್ಟು, ಪಟ್ಟಿಯ ದಪ್ಪವೆಷ್ಟು ಎಂದು ಮಾತಾಡುತ್ತ ಕಾಲುವೆಯ ಪಕ್ಕದಲ್ಲಿ ನಡೆದರು. ಹಿಂದೆ ಬರುತ್ತಿದ್ದ ದೊಡ್ಡಮಾದಯ್ಯನ ಹೆಂಡತಿ ಚಿಕ್ಕಬಸಮ್ಮ, ಒಳಗೆ ಮಲಗಿರುವ ರಾಣಿಗೆ ಎಷ್ಟು ಮಕ್ಕಳೆಂದು ಕೇಳಿದಳು. ಹದಿನಾಲ್ಕು, ಕಡೆಯ ಹೆರಿಗೆಯಲ್ಲೇ ತೀರಿಕೊಂಡಳು ಎಂದು ಪಾಷಾ ಹೇಳಿದ. ಇದು ಗೈಡಿನವನು ಹೇಳಿದ್ದೇ.

"ಅಯ್ಯೋ ನನ್ನವ್ವ," ಎಂದಳು ಚಿಕ್ಕಬಸಮ್ಮ. "ಇದ್ದಾಗ್ಲೇ ಒಸಿ ಸುಮ್ನೆ ಬುಟ್ಟಿದ್ರೆ ಆಗ್ತಿತ್ತಲ್ಲ ಅವ್ಳನ್ನ."

ಎರಡನೆಯ ದಿನ ಬೆಳಿಗ್ಗೆ ಬಾಡಿಗೆ ಬಸ್ಸಿನಲ್ಲಿ ಫತೇಪುರ ಸಿಕ್ರಿಗೆ ಹೋದರು. ಸಂಜೆ ಏಳಕ್ಕೆ ಊರ ಕಡೆಯ ರೈಲು. ಹಾಗಾಗಿ ಗೈಡಿನವನು ಅವಸರ ಮಾಡುತ್ತಿದ್ದ. ಅಲ್ಲಿಯ ದೊಡ್ಡ ಬಾಗಿಲಿಗೆ ಹತ್ತುವ ಮೆಟ್ಟಿಲುಗಳು ಕಡಿದಾದವು, ಒಂದೊಂದೂ ಮೊಣಕಾಲೆತ್ತರ. ದೊಡ್ಡಮಾದಯ್ಯ ಹೆಂಡತಿಯ ಗಂಟನ್ನೂ ತಾನೇ ಹೆಗಲಿಗೆ ಹಾಕಿಕೊಂಡು ಹತ್ತಿದ. ಮುಕ್ಕಾಲು ದಾರಿಯಲ್ಲಿ ಹಾಗೆಯೇ ಕುಳಿತ. ಮುಖದಲ್ಲಿ ಬೆವರು ಹನಿಹನಿಯಾಗಿ ನಿಂತಿತ್ತು.

"ಏನಾಯ್ತು ಯಜಮಾನ್ರೇ?"

"ಏನಿಲ್ಲ ಕಣೋ, ಬಿಸ್ಲು. ನೀವ್ ನಡೀರಿ, ನಾನು ಇಲ್ಲೇ ಕುಂತಿರ್ತೀನಿ."

ಪಾಷಾ ನಂಬಿದ. ಮೇಲಿನಿಂದ ಗೈಡು ಅವನನ್ನೇ ಕೂಗುತ್ತಿದ್ದ. ಒಂದೂವರೆ ಗಂಟೆ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿ ಕೆಳಗೆ ಬಂದಾಗ ದೊಡ್ಡಮಾದಯ್ಯ ಮೆಟ್ಟಿಲ ಮೇಲೆ ಮಗ್ಗುಲಾಗಿ ಮುದುರಿಕೊಂಡಿದ್ದ. ಬಸ್ಸಿನಲ್ಲಿ ಎರಡು ಸಲ ವಾಂತಿಯಾಯಿತು. ಆಗ ಚಿಕ್ಕಬಸಮ್ಮ ಪಾಷಾನ ಕಿವಿಯ ಹತ್ತಿರ ಬಂದು, ನಾಚುತ್ತ ಹೇಳಿದಳು. ಗಂಡನಿಗೆ ಒಂಬತ್ತು ವರ್ಷದಿಂದ ತೊಡೆಸಂದಿಯಲ್ಲಿ ಕರುಳು ಇಳಿಯುತ್ತಿತ್ತು. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದ್ದ. ಮಲಗಿ ಒತ್ತಿಕೊಂಡರೆ ಒಳಗೆ ಹೋಗುತ್ತಿದ್ದುದು ಇವತ್ತು ಹೋಗುತ್ತಿಲ್ಲ.

ಬಸ್ಸು ನೇರವಾಗಿ ಆಗ್ರಾದ ಆಸ್ಪತ್ರೆಗೆ ಬಂತು. ಚಾಮಯ್ಯನವರು ಉಳಿದವರ ಸಾಮಾನು ಕಟ್ಟಿಸಲು ಛತ್ರಕ್ಕೆ ಹೋದರು. ಆಸ್ಪತ್ರೆಯಲ್ಲಿ ಉಳಿದವರು ಗಂಡ, ಹೆಂಡತಿ, ಪಾಷಾ. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಪಾಷಾಗೆ ತಿಳಿಯಲೆಂದು ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು. ಕರುಳು ಸಿಕ್ಕಿಹಾಕಿಕೊಂಡಿದೆ. ಈಗಲೇ ಕೊಯ್ದು ಬಿಡಿಸಬೇಕು. ಬಿಟ್ಟರೆ ಎರಡು ಮೂರು ದಿನದಲ್ಲಿ ಸಾಯುತ್ತಾನೆ. ಕೊಯ್ದರೂ ಉಳಿದೇ ಉಳಿಯುತ್ತಾನೆಂದು ಹೇಳಲಾರೆ. ಬೆಳಿಗ್ಗೆಯೇ ಬಂದಿದ್ದರೆ ಚೆನ್ನಾಗಿತ್ತು.

ಆ ದಿನ ಪಾಷಾಗೆ ತಿಳಿಯದ ಮಾತು ಒಂದೂ ಇರಲಿಲ್ಲ. ತಿಳಿಯದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಕಡೆಯದೊಂದನ್ನು ಬಿಟ್ಟು ಎಲ್ಲವನ್ನೂ ಕನ್ನಡದಲ್ಲಿ ಹೇಳಿದ.

ದೊಡ್ಡಮಾದಯ್ಯ ಅವನ ಕೈ ಹಿಡಿದುಕೊಂಡ. "ಬ್ಯಾಡ ಕಣಪ್ಪ. ನನ್ನ ಕುಯ್ಯದು ಬ್ಯಾಡ. ಎಂಗಾದ್ರೂ ಊರ್ಗೆ ಕರ್ಕೊಂಡೋಗ್ಬುಡು. ಸತ್ರೆ ಅಲ್ಲೇ ಸಾಯ್ತೀನಿ."

"ಊರು ನಾಕ್ ದಿನದ ದಾರಿ, ಯಜಮಾನ್ರೇ."

"ಆಗ್ಲಿ. ಬ್ಯಾಡ ಅಂತ ಹೇಳು."

ಚಿಕ್ಕಬಸಮ್ಮ ಪಾಷಾನ ಅಂಗಿ ಹಿಡಿದು ಪಕ್ಕಕ್ಕೆಳೆದಳು. "ಅವ್ರ್ ಮಾತ ಕಟ್ಕೋಬ್ಯಾಡ. ಹ್ಞೂಂ ಅನ್ನು ಮಗ. ನಿನ್ ಕಾಲಿಗ್ ಬೀಳ್ತೀನಿ, ಹ್ಞೂಂ ಅನ್ನು."

ಡಾಕ್ಟರು ಗಡಿಯಾರ ನೋಡಿ ಪಾಷಾನ ಕಡೆ ತಿರುಗಿದರು. "ಮುದುಕ ಏನನ್ನುತ್ತಾನೆ?"

ಪಾಷಾ ನೆಲ ನೋಡಿದ. ಹಾಸಿಗೆಯಿಂದ ದೊಡ್ಡಮಾದಯ್ಯ ಅವನ ಬಾಯನ್ನೇ ನೋಡುತ್ತಿದ್ದ. ಚಿಕ್ಕಬಸಮ್ಮನ ಕೈ ಇನ್ನೂ ಅಂಗಿಯ ಮೇಲಿತ್ತು. ಅವರಿಬ್ಬರ ನಡುವೆ ಮಾತಾಡಲು ತನಗೇನು ಅಧಿಕಾರ, ಚಾಮಯ್ಯನವರಾದರೂ ಈಗ ಬರಬಾರದೇ ಎಂದು ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಡಾಕ್ಟರು ಮತ್ತೆ ಕೇಳಿದರು.

"ಹ್ಞೂಂ ಅಂತಾರೆ ಸಾಬ್," ಎಂದುಬಿಟ್ಟ ಪಾಷಾ.

ಚಿಕ್ಕಬಸಮ್ಮ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟೊತ್ತಿದಳು. ಪಕ್ಕದಲ್ಲಿ ಪಾಷಾ ಸಾಕ್ಷಿ ಹಾಕಿದ. ಗಾಡಿ ಹಲಗೆಯ ಮೇಲೆ ಹೆಸರು ಬರೆಯುವಂತೆ ದಪ್ಪ ಕನ್ನಡ ಅಕ್ಷರ. ಆಳುಗಳು ಬಂದು ಎತ್ತಿಕೊಂಡು ಹೋಗುವಾಗ ದೊಡ್ಡಮಾದಯ್ಯ, ಊರಿಗೇ ಹೊರಟೆವೆಂದುಕೊಂಡು, "ನನ್ ಗಂಟೆಲ್ಲಿ?" ಎಂದು ಕೇಳಿದ. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಐದು ಗಂಟೆಗೆ ಚಾಮಯ್ಯನವರು ಬಂದರು. ವಿಷಯ ಕೇಳಿ ಬೆಂಚಿನ ಮೇಲೆ ಕುಸಿದು ಕುಳಿತರು. "ನಾನು ಏನು ಮಾಡಲಿ ಪಾಷಾ? ಅಷ್ಟು ಜನ ಟೇಷನ್ನಿನಲ್ಲಿ ಕೂತಿದ್ದಾರೆ. ಅವರಲ್ಲಿ ಒಬ್ಬರಿಗೂ ಇಲ್ಲಿ ನೀರು ಕೇಳುವುದಕ್ಕೂ ಬಾಯಿಲ್ಲ. ನೀನು ಬಂದರೆ ಇವರಿಗೆ ಯಾರು? ನೀನು ಉಳಿದರೆ ಅವರಿಗೆ ಯಾರು?" ಇದ್ದ ಹಣದಲ್ಲಿ ಅರ್ಧ ಪಾಷಾನ ಕೈಗೆ ಹಾಕಿ, ಕಣ್ಣೊರೆಸಿಕೊಳ್ಳುತ್ತ ಹೊರಟುಹೋದರು. ಊರು ಮುಟ್ಟಿ ಸುದ್ದಿ ತಿಳಿಸುವುದು ಅವರ ಪಾಲಿಗೆ ಬಂತು.

ಮಾರನೆಯ ದಿನ ಮಧ್ಯಾಹ್ನ ದೊಡ್ಡಮಾದಯ್ಯನಿಗೆ ಪೂರ್ತಿ ಎಚ್ಚರವಾಯಿತು. ಹೊಟ್ಟೆಯ ಕೆಳಗೆ ಕೈಯಾಡಿಸಿ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ. ಹೆಂಡತಿ ನೀರಿಗೆ ಹೋಗಿದ್ದಳು.

"ಏನಂದೆ ಪಾಷಾ ಅವ್ರಿಗೆ?"

ನಿಜ ಹೇಳಿಬಿಡಬೇಕೆಂದು ಪಾಷಾ ಬಾಯಿ ತೆರೆದ. ಆದರೆ ಬಂದದ್ದು ಬೇರೆ. "ನೀವು ಬ್ಯಾಡ ಅಂದದ್ನೇ ಅಂದೆ ಯಜಮಾನ್ರೇ. ಡಾಕ್ಟ್ರು ಕೇಳ್ಲಿಲ್ಲ."

"ಹಂಗಾ," ಎಂದ ದೊಡ್ಡಮಾದಯ್ಯ. "ಬೇರೆ ದೇಶ. ಯಾರ್ ಕೇಳ್ತಾರೆ ನಮ್ ಮಾತ," ಎಂದು ಗೋಡೆಯ ಕಡೆ ತಿರುಗಿದ. ಸಂಜೆಗೆ ಜ್ವರವೇರಿತು. ಡಾಕ್ಟರು ದಿನಕ್ಕೆ ಮೂರು ಸಲ ಬಂದು ನೋಡಿದರು. ಮೂರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಪ್ರಾಣ ಹೋಯಿತು.

ಚಿಕ್ಕಬಸಮ್ಮ ಅಳುವುದು ಮುಗಿದ ಮೇಲೆ ಕೇಳಿದ್ದು ಒಂದೇ: "ನಮ್ಮಲ್ಲಿ ಸುಡಲ್ಲ, ಹೂಳ್ತೀವಿ ಅಂತ ಹೇಳು." ಪಾಷಾ ಹೇಳಿದ. ಹಿಂದೂ ಅಂದರೆ ಸುಡುವುದೇ, ಹೂಳುವುದಕ್ಕೆ ಅವರಿಗೆಂದು ಇಲ್ಲಿ ಜಾಗ ಎಲ್ಲಿದೆ ಎಂದರು ಆಸ್ಪತ್ರೆಯ ಆಳುಗಳು. ಒಬ್ಬ ಮಾತ್ರ, ನಿನ್ನವನೇ ಆದರೆ ನಿಮ್ಮ ಖಬರಸ್ತಾನಕ್ಕೆ ಒಯ್ಯಬಹುದಲ್ಲ ಎಂದ. ಮೂರು ದಿನದ ಹಿಂದೆ ಎಕರೆಗಟ್ಟಲೆ ಹರಡಿದ ಗೋರಿಗಳನ್ನು ನೋಡಿ ಬಂದ ಊರು ಅದು. ದೊಡ್ಡಮಾದಯ್ಯನಿಗೆ ಆರಡಿ ನೆಲ ಎಲ್ಲಿ ಕೇಳಬೇಕೆಂದು ಪಾಷಾಗೆ ತೋಚಲಿಲ್ಲ. ಖಬರಸ್ತಾನದಲ್ಲಿ ಮಲಗಿಸಿ ಹೋದರೆ ಗಾವಡಗೆರೆಯಲ್ಲಿ ಏನನ್ನುತ್ತಾರೆ?

"ಸುಡ್ಲಿ ಬುಡು," ಎಂದಳು ಕಡೆಗೆ ಚಿಕ್ಕಬಸಮ್ಮ. ಯಮುನೆಯ ದಡದಲ್ಲಿ ಅವಳೇ ಬೆಂಕಿ ಮುಟ್ಟಿಸಿದಳು. ಪಾಷಾ ನಾಲ್ಕು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ.

ರೈಲಿನಲ್ಲಿ ನಾಲ್ಕು ದಿನ ಬೇಯಿಸಿದ್ದೇನನ್ನೂ ಅವಳು ಮುಟ್ಟಲಿಲ್ಲ. ಪಾಷಾ ಟೇಷನ್ನು ಬಂದಾಗಲೆಲ್ಲ ಇಳಿದು ಬಾಳೆಹಣ್ಣು, ಕಡಲೆಪುರಿ ತರುತ್ತಿದ್ದ. ಅವಳು ಅರ್ಧ ತಿಂದು ಅರ್ಧ ಅವನ ಮುಂದಿಡುತ್ತಿದ್ದಳು.

ದೊಡ್ಡಮಾದಯ್ಯನ ಮನೆಯಂಗಳದಲ್ಲಿ ಊರೇ ನೆರೆದಿತ್ತು. ಮಗ ಚಿಕ್ಕಮಾದು ಪಾಷಾನ ಮುಂದೆ ಬಂದು ನಿಂತ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. "ಅಣ್ಣ, ಕುಯ್ಯಕ್ಕೆ ಅಪ್ಪ ಒಪ್ಪಿದ್ನಾ?" ಎಂದ.

ಪಾಷಾ ಬಾಯಿ ತೆರೆಯುವ ಮೊದಲೇ ಚಿಕ್ಕಬಸಮ್ಮ, "ಒಪ್ಪಿದ್ರು ಕಣಪ್ಪ. ಅವ್ರೇ ಹ್ಞೂಂ ಅಂದ್ರು," ಎಂದಳು. ಮಗ ತಲೆಯಾಡಿಸಿದ. ಪಾಷಾಗೆ ಒಂದು ಚೊಂಬು ನೀರು ತಂದುಕೊಟ್ಟ. ಅವನು ಕುಡಿದ.

ಆಮೇಲೆ ಚಿಕ್ಕಮಾದು ಅವನನ್ನು ಮನೆಯವನಂತೆಯೇ ಕಂಡ. ಅವರೆ ಕಾಲದಲ್ಲಿ ಒಂದು ಚೀಲ ಸೊಗಡವರೆ, ಸುಗ್ಗಿಯಾದ ಮೇಲೆ ರಾಗಿ. "ಅಪ್ಪನ ಕಡೇಗಾಲಕ್ಕೆ ಆದೋನು ನೀನು" ಎಂದು ಸಂತೆಯಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದ. ಅವನ ಗಾಡಿ ಚಪ್ಪರದ ಮುಂದೆ ಬಂದರೆ ಪಾಷಾ ಕೆಲಸವನ್ನು ತಮ್ಮ ರಜಾಕನ ಕೈಗೆ ಬಿಟ್ಟು ಒಳಗೆ ಹೋಗುತ್ತಿದ್ದ. ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದ ಗಂಡನನ್ನು ಹಮೀದುನ್ನೀಸಾ ಏನೆಂದು ಕೇಳಿದರೆ, ಪಟ್ಟಿ ಕಾಯಿಸುವ ಹೊಗೆಗೆ ತಲೆನೋವು ಎನ್ನುತ್ತಿದ್ದ.

ವರ್ಷ ಕಳೆದ ಮೇಲೆ ತಡೆಯಲಾರದೆ ಒಂದು ಬೆಳಿಗ್ಗೆ ನಡೆದೇ ಗಾವಡಗೆರೆಗೆ ಹೋದ. ಚಿಕ್ಕಬಸಮ್ಮ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು.

"ಅವ್ವ, ನಾನು ಮಾದೂಗೆ ಹೇಳ್ಬುಡ್ತೀನಿ. ಯಜಮಾನ್ರು ಬ್ಯಾಡ ಅಂದ್ರು, ನಾನೇ ಹ್ಞೂಂ ಅಂದೆ ಅಂತ. ಅವ್ರಿಗೂ ಸುಳ್ಳೇಳ್ದೆ ಅಂತ."

ಅವಳು ಮೊರ ಕೆಳಗಿಟ್ಟಳು. "ಬ್ಯಾಡ ಮಗ. ಅಪ್ಪ ಮನಸಾರೆ ಒಪ್ಪಿ ಹೋದ ಅನ್ಕೊಂಡು ಅವ್ನು ನೆಮ್ಮದಿಯಾಗವ್ನೆ. ಅನ್ನಿಸ್ದೋಳು ನಾನು. ನಾನೇ ಬಾಯ್ ಮುಚ್ಕೊಂಡಿವ್ನಿ. ನೀನೂ ಇದ್ಬುಡು."

"ಆಗ್ತಿಲ್ಲ ಕಣವ್ವ."

"ನಂಗೂ ಆಗ್ತಿಲ್ಲ," ಎಂದು ಅವಳು ಮತ್ತೆ ಮೊರ ಎತ್ತಿಕೊಂಡಳು.

ಪಾಷಾ ಎದ್ದು ಹುಣಸೂರಿಗೆ ಹಿಂದಿರುಗಿದ. ಮರುವರ್ಷ ಆಷಾಢದ ಚಳಿಜ್ವರದಲ್ಲಿ ಚಿಕ್ಕಬಸಮ್ಮ ತೀರಿಕೊಂಡಳು. ಮಣ್ಣಿಗೆ ಹೋದವರಲ್ಲಿ ಪಾಷಾನೂ ಇದ್ದ. ಗುಂಡಿ ಮುಚ್ಚಿ ಎಲ್ಲರೂ ಕೈಕಾಲು ತೊಳೆಯಲು ಕೆರೆಯ ಕಡೆ ನಡೆಯುತ್ತಿದ್ದಾಗ ಚಿಕ್ಕಮಾದು ಅವನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟ. ಹೇಳಬೇಕೆಂದಿದ್ದರೆ ಆಗ ಹೇಳಬಹುದಿತ್ತು. ಹೇಳಿದರೆ ಹೌದೆನ್ನುವುದಕ್ಕೆ ಯಾರೂ ಉಳಿದಿರಲಿಲ್ಲ. ಪಾಷಾ ಆ ಕೈಯನ್ನು ಹೊತ್ತುಕೊಂಡೇ ಕೆರೆಯವರೆಗೂ ನಡೆದ.